ಸದ್ದು ಕೇಳದ ಕೋಣೆ

ಗಡಿಯಾರದಣ್ಣನ ಹೊಟ್ಟೆಪಾಡು ನಿಂತಿದ್ದದ್ದು ಅವನ ಕಿವಿಯ ಮೇಲೆ. ಲೋಲಕದ ಗಡಿಯಾರ ಸರಿಯಾಗಿ ನಡೆಯಬೇಕಾದರೆ ಟಿಕ್‌ಗೂ ಟಕ್‌ಗೂ ನಡುವಿನ ಬಿಡುವು ಒಂದೇ ಸಮ ಇರಬೇಕು. ಅದನ್ನು ಅವನು ಕಿವಿಗೊಟ್ಟೇ ಹಿಡಿಯುತ್ತಿದ್ದ. ಆದರೆ ಮೇಲಿನ ಮನೆಗೆ ಡ್ರಮ್ ಮೇಷ್ಟ್ರು ಬಂದಾಗಿನಿಂದ ಅವನು ರಿಪೇರಿ ಮಾಡಿದ ಗಡಿಯಾರಗಳೆಲ್ಲ ಕುಂಟುತ್ತಿದ್ದವು. ಶಾಲೆಯ ಹಳೇ ಗಡಿಯಾರವಂತೂ ಎರಡು ಸಲ ವಾಪಸು ಬಂದಿತ್ತು. ಇವತ್ತು ಸಂಜೆ ಐದರೊಳಗೆ ಸರಿಯಾಗದಿದ್ದರೆ ಶಾಲೆಯ ಕೆಲಸವೆಲ್ಲ ಬೇರೆಯವರ ಪಾಲು ಎಂದು ಹೆಡ್‌ಮಿಸ್ಸು ಹೇಳಿ ಹೋಗಿದ್ದರು.

ಬೆಳಿಗ್ಗೆ ಎದ್ದವನೇ ಅವನು ಕಟ್ಟಡದ ಸಂಘಕ್ಕೆ ಅರ್ಜಿ ಬರೆದ: ‘ಅಕ್ಕಪಕ್ಕದವರಿಗೆ ಸದ್ದು ಕೇಳದಂಥ ಕೋಣೆಯಲ್ಲಿ ಮಾತ್ರ ಡ್ರಮ್ ಪಾಠ ನಡೆಯತಕ್ಕದ್ದು.’ ಸಂಘದ ಕಾರ್ಯದರ್ಶಿ ರಿಟೈರಾದ ಅಧಿಕಾರಿ. ಅರ್ಜಿ ಕಂಡು ಬಹಳ ದಿನವಾಗಿತ್ತು, ಪಾಪ. ಮಧ್ಯಾಹ್ನದ ಮೀಟಿಂಗಿನಲ್ಲಿ ಇಡುತ್ತೇನೆಂದು ಫೈಲಿಗೆ ಸೇರಿಸಿಕೊಂಡರು.

ಮೀಟಿಂಗ್ ನಂಬಿ ಕೂತರೆ ಐದು ಗಂಟೆ ಕಾಯುತ್ತದೆಯೇ? ಗಡಿಯಾರದಣ್ಣ ತನ್ನ ಕೆಲಸದ ಕೋಣೆಗೇ ಮೊಳೆ, ಸುತ್ತಿಗೆ ಹಿಡಿದು ನುಗ್ಗಿದ. ಗೋಡೆಗೆ ರಜಾಯಿ, ಚಾವಣಿಗೆ ಹಾಸಿಗೆ ಹೊಡೆದ. ಎದುರುಮನೆ ಚಿಕ್ಕಮ್ಮ ಎರಡು ಹಳೇ ಕಂಬಳಿ ಕೊಟ್ಟು ಇಪ್ಪತ್ತು ಸಲಹೆ ಕೊಟ್ಟರು. ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಅಂಟಿಸಬೇಕೆಂದದ್ದೂ ಅವರೇ.

“ಹಾಸಿಗೇನೆಲ್ಲ ಮೇಲಕ್ಕೆ ಹೊಡೆದ್ರಲ್ಲ, ರಾತ್ರಿ ನಾವು ನೇತಾಡೋದಾ?” ಎಂದಳು ಹೆಂಡತಿ.

ಅವನು ಭುಜ ಕೊಟ್ಟು ಬಾಗಿಲು ಮುಚ್ಚಿಕೊಂಡ. ಸದ್ದೆಲ್ಲ ಆರಿಹೋಯಿತು. ಉಳಿದದ್ದು ಶಾಲೆಯ ಗಡಿಯಾರ ಮಾತ್ರ: ಟಿಕ್, ಟಕ್. ಎಷ್ಟೋ ತಿಂಗಳ ಮೇಲೆ ಅದನ್ನು ಕೇಳಿ ಅವನಿಗೆ ಕಣ್ಣು ತುಂಬಿ ಬಂತು. ಟಕ್ ಕೂದಲೆಳೆಯಷ್ಟು ತಡವಾಗುತ್ತಿತ್ತು, ಅಷ್ಟೇ. ಸಣ್ಣ ಸ್ಕ್ರೂಡ್ರೈವರ್ ಹೊರಗೆ ಉಳಿದಿತ್ತು. ತರೋಣವೆಂದು ಎದ್ದು ಬಾಗಿಲು ಎಳೆದ. ಬಾಗಿಲು ಬರಲಿಲ್ಲ, ಹಿಡಿ ಬಂತು.

ಅವನು ಕೂಗಿದ, ಗುದ್ದಿದ, ಗಂಟಲು ಹರಿದುಕೊಂಡ. ಹೊರಗೆ ಹೆಂಡತಿ ಬಂದವರಿಗೆಲ್ಲ ಅವರು ಕೆಲಸದಲ್ಲಿ ಮುಳುಗಿದ್ದಾರೆ ಎಂದು ಹೇಳಿ ಕಳಿಸುತ್ತಿದ್ದಳು. ಮೂರು ಗಂಟೆಯಾದರೂ ಊಟಕ್ಕೆ ಬಾರದಿದ್ದಾಗ ಅವಳಿಗೆ ಗಾಬರಿಯಾಯಿತು. ಕಟ್ಟಡದಲ್ಲಿ ತೋಳಿನ ಬಲವಿದ್ದವರೆಂದರೆ ಡ್ರಮ್ ಮೇಷ್ಟ್ರು ಒಬ್ಬರೇ. ಅವರು ಬಂದು ಎರಡೇ ಏಟಿಗೆ ಬಾಗಿಲನ್ನು ಚೌಕಟ್ಟಿನ ಸಮೇತ ಮಲಗಿಸಿದರು.

ಮೀಟಿಂಗ್ ಮುಗಿಸಿ ಎಲ್ಲರೂ ಅಲ್ಲಿಗೇ ಬಂದಿದ್ದರು. ಮೂರು ಗಂಟೆ ಹೊತ್ತು ಬಾಯಿ ಬಡಿದುಕೊಂಡರೂ ಯಾರಿಗೂ ಕೇಳಿಸಲಿಲ್ಲವೆಂಬ ಸಂಗತಿಯನ್ನು ಕಾರ್ಯದರ್ಶಿ ಎರಡೆರಡು ಸಲ ವಿಚಾರಿಸಿ ಬರೆದುಕೊಂಡರು.

“ನಿಮ್ಮ ಅರ್ಜಿ ಪಾಸಾಯ್ತು,” ಎಂದರು. “ಸದ್ದು ಕೇಳದ ಕೋಣೆ ಈ ಕಟ್ಟಡದಲ್ಲಿ ಇರೋದು ಇದೊಂದೇ. ಮೇಷ್ಟ್ರು ಇಲ್ಲೇ ಪಾಠ ಮಾಡ್ಲಿ.”

“ಬಾಗಿಲೇ ಇಲ್ವಲ್ಲ ಸಾರ್!”

“ಅಲ್ಲಿಂದ ಬರೋ ಸದ್ದು ನಿಮ್ಮನೆಗೆ ತಾನೇ? ಅರ್ಜೀಲಿ ಅಕ್ಕಪಕ್ಕದವರಿಗೆ ಕೇಳಬಾರದು ಅಂತ ಮಾತ್ರ ಇದೆ.”

ಗಂಡನ ಜೀವ ಉಳಿಸಿದವರಿಗೆ ಇಲ್ಲವೆನ್ನುವುದು ಹೇಗೆಂದು ಹೆಂಡತಿ ಆಗಲೇ ಕುರ್ಚಿ ಹಾಕಿದ್ದಳು.

ಐದಕ್ಕೆ ಹೆಡ್‌ಮಿಸ್ಸು ಬಂದಾಗ ಗಡಿಯಾರದಣ್ಣ ನಡುಮನೆಯಲ್ಲಿ ಗಡಿಯಾರವನ್ನು ಮಗುವಿನಂತೆ ತಬ್ಬಿಕೊಂಡು, ಕಿವಿ ಒತ್ತಿ ಕೂತಿದ್ದ. ಪಕ್ಕದಲ್ಲೇ ಡ್ರಮ್ ಗುಡುಗುತ್ತಿತ್ತು. ಗಡಿಯಾರದ ಮುಳ್ಳು ಇನ್ನೂ ಹಿಂದೆಯೇ ಇತ್ತು. ಅವರು ಅದನ್ನು ಅವನ ತೋಳಿನಿಂದ ಬಿಡಿಸಿಕೊಂಡರು. ಹೊರಟವರು ಕೋಣೆಯೊಳಗೆ ಇಣುಕಿ, ರಜಾಯಿ, ಹಾಸಿಗೆ ಎಲ್ಲ ನೋಡಿ ಮೆಚ್ಚಿಕೊಂಡರು.

“ಎಷ್ಟು ಚೆನ್ನಾಗಿ ಮಾಡಿದ್ದೀರಿ! ನಮ್ಮ ಶಾಲೆಯ ಬ್ಯಾಂಡಿನ ಮಕ್ಕಳನ್ನೂ ನಾಳೆಯಿಂದ ಇಲ್ಲಿಗೇ ಕಳಿಸ್ತೀನಿ.”