ಸ್ಕಾಟ್ಲೆಂಡಿಗೆ ನಾನು ಹಾಕಿದ ಬೀಗ

ಇನ್ನು ಮೇಲೆ ಯಾವುದಕ್ಕೂ ಹೆದರುವುದಿಲ್ಲ ಎಂದು ನಾನು ಭೀಷಣ ಪ್ರತಿಜ್ಞೆ ಮಾಡಿದ್ದು ನೈರೋಬಿಯ ಸ್ಪ್ರಿಂಗ್ ವ್ಯಾಲಿಯ ನಮ್ಮ ಮನೆಯಲ್ಲಿ, ಮೂರು ಬೀಗ ಜಡಿದ ಬಾಗಿಲಿನ ಹಿಂದೆ ನಿಂತುಕೊಂಡು!

ನಮ್ಮೆಜಮಾನರು ಲಕ್ಷ್ಮೀಕಾಂತ, ಇಲ್ಲಿನ ಔಷಧಿ ಕಾರ್ಖಾನೆಯೊಂದರಲ್ಲಿ ಮ್ಯಾನೇಜರು. ಹೊಸ ಯಂತ್ರದ ತರಬೇತಿಗೆಂದು ಕಂಪನಿ ಅವರನ್ನು ಆಗಸ್ಟಿನಲ್ಲಿ ಒಂದು ವಾರ ಗ್ಲಾಸ್ಗೋಗೆ ಕಳಿಸಿತು. ಐದು ವರ್ಷದ ಮಗಳು ವರ್ಷಿಣಿಗೆ ಶಾಲೆ ರಜ. ನಾವಿಬ್ಬರೂ ಬಾಲದಂತೆ ಹಿಂದೆ ಹೊರಟೆವು.

"ಕೊನೇ ದಿನ ಬಸ್ ಟೂರ್ ಬುಕ್ ಮಾಡಿದೀನಿ. ಗೈಡ್ ಇರ್ತಾರೆ. ಸರೋವರ, ಬೆಟ್ಟ, ಕುರಿ ಫಾರ್ಮು. ಒಂದೇ ಒಂದು ದಿನ ಟೆನ್ಷನ್ ಮಾಡ್ಕೊಳ್ದೆ ಇರ್ತೀಯಾ?" ಎಂದರು.

"ಒಂದು ದಿನ ಏನ್ರೀ? ಸ್ಕಾಟ್ಲೆಂಡಿನೋರಿಗೇ ಧೈರ್ಯ ಅಂದ್ರೇನು ಅಂತ ಕಲಿಸಿ ಬರ್ತೀನಿ!"

"ಹಾಗಾದ್ರೆ ಮೊದ್ಲು ಆ ಕಿಟಕಿ ಚಿಲಕಾನ ನಾಲ್ಕನೇ ಸಲ ನೋಡೋದು ಬಿಡು."

ಒಪ್ಪಿಕೊಳ್ಳುತ್ತೇನೆ, ನಾನು ಸ್ವಲ್ಪ ಜಾಗ್ರತೆಯ ಹೆಂಗಸು. ಗೇಟಿನಲ್ಲಿ ಹಗಲೂ ರಾತ್ರಿ ಕಾವಲಿನ ಅಸ್ಕಾರಿ ಇದ್ದರೂ ಅವನನ್ನು ಕಾಯಲು ನಾನು ಬಾಲ್ಕನಿಯಲ್ಲಿ ನಿಲ್ಲುತ್ತೇನೆ. ಕಾರು ಹತ್ತಿದರೆ ನನ್ನ ಬಲಗೈ ತಾನೇ ಹೋಗಿ ಲಾಕ್ ಒತ್ತುತ್ತದೆ. ಮಿದುಳಿಗೆ ಸುದ್ದಿ ತಲುಪುವುದು ಆಮೇಲೆ. ಹಾಗೆಂದು ಆರು ವರ್ಷದಲ್ಲಿ ನಮ್ಮ ಮನೆಯಿಂದ ಏನಾದರೂ ಹೋಗಿದೆಯೇ? ಒಂದು ಚಿಪ್ಪು ಬಾಳೆಹಣ್ಣು ಹೋಗಿದೆ. ಒಯ್ದದ್ದು ಕೋತಿ!

ಮಗಳಿಗಂತೂ ಒಂದು ಪಾಸ್‌ವರ್ಡ್ ಇಟ್ಟಿದ್ದೇನೆ. ಯಾರು ಬಂದು ಬಾಗಿಲು ತೆಗೆ ಎಂದರೂ, ಜೊತೆಗೆ ಬಾ ಎಂದರೂ ಅವಳು ಪಾಸ್‌ವರ್ಡ್ ಕೇಳಬೇಕು. ಪಕ್ಕದಲ್ಲಿ ಗುರುತಿಲ್ಲದವರು ನಿಂತಿದ್ದರೆ ಅಪ್ಪ ಅಮ್ಮನನ್ನೂ ಕೇಳಬೇಕು. ಪಾಪ, ಅವರನ್ನು ಯಾರೋ ಹೆದರಿಸಿ ಕರೆತಂದಿರಬಹುದಲ್ಲ! ನೈರೋಬಿಯ ಯಾವ ಕಳ್ಳನಿಗೂ ತಿಳಿಯದಿರಲೆಂದು ಅಪ್ಪಟ ಕನ್ನಡ ಪದ. ಪ್ರತಿ ಭಾನುವಾರ ಹೊಸದು.

"ಬ್ಯಾಂಕಿನೋರೇ ಮೂರು ತಿಂಗಳಿಗೊಂದ್ಸಲ ಬದಲಾಯಿಸ್ತಾರೆ ಕಣೇ. ಅಲ್ಲಾ, ಕಳ್ಳ ನಮ್ಮ ಕನ್ನಡ ಸಂಘದೋನೇ ಆಗಿದ್ರೆ?" ಎಂದು ಇವರು ನಕ್ಕಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸರಿ, ಟೂರಿನ ದಿನ ಬಂತು. ಪುಟ್ಟ ಬಸ್ಸು, ಹದಿನಾಲ್ಕು ಜನ. ಗೈಡು, ಡ್ರೈವರು ಎರಡೂ ಲಾರೆನ್ಸ್ ಎಂಬ ಒಬ್ಬರೇ. ಅರವತ್ತರ ಗಟ್ಟಿ ಆಸಾಮಿ, ಮಂಡಿ ತನಕ ಲಂಗದಂಥ ಚೌಕಳಿ ಕಿಲ್ಟು. ಮೊದಲು ನಿಲ್ಲಿಸಿದ್ದು ಒಂದು ಕುರಿ ಫಾರ್ಮಿನಲ್ಲಿ. ಅಲ್ಲಿ ಗೇಟಿಗೆ ಬೀಗವಿಲ್ಲ, ಕಾವಲಿಲ್ಲ. ರಸ್ತೆ ಬದಿ ಮೇಜಿನ ಮೇಲೆ ಮೊಟ್ಟೆಗಳು ಅನಾಥವಾಗಿ ಕುಳಿತಿದ್ದವು! ಲಾರೆನ್ಸ್ ಕೀಯನ್ನು ಬಸ್ಸಿನಲ್ಲೇ ಬಿಟ್ಟು, ಬಾಗಿಲನ್ನೂ ಹಾರುಹೊಡೆದು, ಸಿಳ್ಳೆ ಹಾಕುತ್ತಾ ಇಳಿದು ಹೋದರು.

"ರೀ, ಕೀ!"

"ಧೈರ್ಯ ಕಲಿಸ್ತೀನಿ ಅಂದಿದ್ದು ಯಾರು?"

ಕೈ ಕಟ್ಟಿಕೊಂಡು ಇಳಿದೆ. ಆದರೆ ಬಲಗೈ ತುರಿಸುತ್ತಲೇ ಇತ್ತು.

ಮಧ್ಯಾಹ್ನ ಒಂದು ಸರೋವರದ ದಡಕ್ಕೆ ಬಂದೆವು. ನೀಲಿ ನೀರು, ಸುತ್ತ ನೇರಳೆ ಹೂವು ಹೊದ್ದ ಬೆಟ್ಟ, ಹಿತವಾದ ಚಳಿ. "ಇಪ್ಪತ್ತು ನಿಮಿಷ ನಡೆದಾಡಿ ಬನ್ನಿ, ಆಮೇಲೆ ಊಟ" ಎಂದರು ಲಾರೆನ್ಸ್. ಎಲ್ಲರ ಊಟದ ಡಬ್ಬಿಗಳೂ ಬಸ್ಸಿನಲ್ಲೇ. ಸೀಟಿನಲ್ಲಿ ನಿದ್ದೆಹೋಗಿದ್ದ ವರ್ಷಿಣಿಯನ್ನು ಕಾಯುತ್ತಾ ನಾನು ಉಳಿದೆ.

"ಬಾರೇ, ಬಸ್ ಪಕ್ಕದಲ್ಲೇ ಒಂದು ಫೋಟೋ!" ಎಂದು ಇವರು ಕೂಗಿದರು. ಎರಡೇ ಹೆಜ್ಜೆ. ಇಳಿದೆ. ಅಷ್ಟರಲ್ಲಿ ಪೊದೆಯಾಚೆಯಿಂದ ಕಣ್ಣಿಗೆ ಕೂದಲು ಇಳಿಬಿಟ್ಟ, ಮಾರುದ್ದ ಕೊಂಬಿನ ಹಸುವೊಂದು ತೆರೆದ ಬಾಗಿಲಿನತ್ತಲೇ ಬರಬೇಕೆ! ಬಲಗೈ ಮಿದುಳಿನ ಅಪ್ಪಣೆ ಕೇಳಲಿಲ್ಲ. ಒಳಗಿನ ಗುಂಡಿ ಒತ್ತಿ, ಬಾಗಿಲು ಮುಚ್ಚಿಬಿಟ್ಟಿತು.

ಖಟಕ್!

ಹಸು ನನ್ನನ್ನು ಕನಿಕರದಿಂದ ನೋಡಿ ಹುಲ್ಲು ಮೇಯತೊಡಗಿತು. ಬಾಗಿಲು ಎಳೆದೆ. ಬರಲಿಲ್ಲ. ಅದೇ ಗುಂಡಿಗೆ ಉಳಿದ ಬಾಗಿಲುಗಳೂ ಲಾಕ್ ಆಗಿದ್ದವು. ಒಳಗೆ ಕೀ, ಒಳಗೆ ಹದಿನಾಲ್ಕು ಜನರ ಊಟ, ಒಳಗೆ ನನ್ನ ಕಂದಮ್ಮ!

ನನ್ನ ಕಿರುಚಾಟಕ್ಕೆ ಇಡೀ ಗುಂಪು ಓಡಿಬಂತು. ಲಾರೆನ್ಸ್ ಬಾಗಿಲನ್ನು ಜಗ್ಗಿ ನೋಡಿ ಬೆರಗಾದರು. "ಹನ್ನೊಂದು ವರ್ಷದಿಂದ ಓಡಿಸ್ತಿದೀನಿ ಮೇಡಂ, ಇದಕ್ಕೆ ಲಾಕ್ ಇದೆ ಅಂತಲೇ ಗೊತ್ತಿರ್ಲಿಲ್ಲ!"

ಇನ್ನೊಂದು ಕೀ ಗ್ಲಾಸ್ಗೋದಲ್ಲಿ. ಗಾಜು ಒಡೆಯಲೇ ಎಂದು ಅವರು ಕಲ್ಲೆತ್ತಿದರು. "ಬೇಡ! ಮಗು ಮೇಲೆ ಚೂರು ಬೀಳತ್ತೆ!" ಎಂದು ನಾನು ಕಲ್ಲಿಗೇ ಜೋತುಬಿದ್ದೆ.

ಗಲಾಟೆಗೆ ವರ್ಷಿಣಿ ಎದ್ದಳು. ಕಿಟಕಿ ಮೇಲ್ಗಡೆ ಒಂದಿಷ್ಟು ತೆರೆದಿತ್ತು, ಮಾತು ಕೇಳಿಸುತ್ತಿತ್ತು.

"ಪುಟ್ಟಾ, ಅಳಬೇಡ ಕಂದಾ! ಆ ಹ್ಯಾಂಡಲ್ ಎಳಿಯಮ್ಮ, ಬಾಗಿಲು ತೆಕ್ಕೊಳತ್ತೆ!" ಎಂದೆ ಅಳುತ್ತಾ.

ಅವಳು ಅಳುತ್ತಿರಲಿಲ್ಲ. ನನ್ನನ್ನು ನೋಡಿದಳು, ಪಕ್ಕದ ಕಿಲ್ಟನ್ನು ನೋಡಿದಳು, ಹಿಂದಿನ ಗುಂಪನ್ನು ನೋಡಿದಳು. ಮುಖ ಗಂಭೀರವಾಯಿತು.

"ಪಾಸ್‌ವರ್ಡ್ ಪ್ಲೀಸ್, ಮಮ್ಮಿ!"

ಭಾನುವಾರ ಪ್ಯಾಕಿಂಗ್ ಗಡಿಬಿಡಿಯಲ್ಲಿ ಏನೋ ಒಂದು ಹೇಳಿಕೊಟ್ಟಿದ್ದೆ. ಏನದು? ತಲೆಯೊಳಗೆ ಬರೀ ಗಾಳಿ!

"ಹೇಳೇ ಬೇಗ!" ಎಂದರು ಇವರು.

"ಮರ್ತೋಗಿದೆ ಕಣ್ರೀ!"

"ಸೌಟು?" ಎಂದು ನೋಡಿದೆ. ತಲೆ ಅಲ್ಲಾಡಿತು. "ಲಟ್ಟಣಿಗೆ?" "ನೋ." "ಹೀರೇಕಾಯಿ?" "ದಟ್ ವಾಸ್ ಲಾಸ್ಟ್ ವೀಕ್!"

ಗುರುತಿಲ್ಲದವರು ದೂರ ಹೋಗಲಿ ಎಂದು ಲಾರೆನ್ಸ್ ಎಲ್ಲರನ್ನೂ ನೀರಿನವರೆಗೆ ಹಿಂದಕ್ಕೆ ಒಯ್ದರು. "ಐ ಕ್ಯಾನ್ ಸ್ಟಿಲ್ ಸೀ ದೆಮ್!" ಎಂದಳು ನನ್ನ ಶಿಷ್ಯೆ.

ಜೊತೆಗಿದ್ದ ಜರ್ಮನಿಯ ಅಜ್ಜಿಯೊಬ್ಬರಿಗೆ ವಿಷಯ ತಿಳಿದದ್ದೇ ತಡ, ಉತ್ಸಾಹ ಉಕ್ಕಿತು. ಒಬ್ಬಳ ಬಾಯಿಗಿಂತ ಹದಿಮೂರು ಬಾಯಿ ಮೇಲು ಎಂದರು. ನಾನು ಪದ ಹೇಳುವುದು, ಉಳಿದವರು ಬಸ್ಸಿನ ಮುಂದೆ ಸಾಲಾಗಿ ನಿಂತು ಕೂಗುವುದು! "ಚಾಟ್ನೀಪೂಡೀ!" "ಓಗಾರಾನೇ!" "ನೂಗೇಕಾಯೀ!" ಆ ಬೆಟ್ಟಗಳು ಹುಟ್ಟಿದಾಗಿನಿಂದ ಗೊಜ್ಜವಲಕ್ಕಿಯ ಪ್ರತಿಧ್ವನಿ ಕೊಟ್ಟಿರಲಾರವು, ಅವತ್ತು ಮೂರು ಸಲ ಕೊಟ್ಟವು. ಇವರು ನಗುತ್ತಾ ಹುಲ್ಲಿನ ಮೇಲೆ ಕೂತೇಬಿಟ್ಟರು.

ಒಳಗೆ ವರ್ಷಿಣಿ ಪ್ರತಿ ಪದಕ್ಕೂ ತಲೆಯಾಡಿಸುತ್ತಾ, ಕೈಗೆ ಸಿಕ್ಕ ಡಬ್ಬಿ ತೆರೆದು ಸ್ಯಾಂಡ್‌ವಿಚ್ ತಿನ್ನತೊಡಗಿದಳು. ಮನೆಯಲ್ಲಿ ಎರಡು ತುತ್ತು ಅನ್ನಕ್ಕೆ ಒಂದು ಗಂಟೆ ನನ್ನನ್ನು ಓಡಾಡಿಸುವ ಮಗು! ಮೊದಲು ಅಜ್ಜಿಯದು, ಆಮೇಲೆ ಲಾರೆನ್ಸರದು, ಮೇಲೆ ಎರಡು ಜ್ಯೂಸು.

"ರೀ, ನೋಡ್ರೀ, ತಾನೇ ತಿಂತಿದಾಳೆ!" ಎಂದೆ ಕಣ್ಣೀರು ಒರೆಸಿಕೊಂಡು. ಒಂದು ಕ್ಷಣ, ದೇವರೇ ಕ್ಷಮಿಸು, ಬಾಗಿಲು ಇನ್ನೈದು ನಿಮಿಷ ತೆರೆಯದಿರಲಿ ಎನ್ನಿಸಿತು.

ಕೊನೆಗೆ ಬಾಗಿಲು ತೆರೆಸಿದ್ದು ಕನ್ನಡವಲ್ಲ, ಜ್ಯೂಸು! "ಮಮ್ಮಿ, ಸೂಸೂ!" ಎನ್ನುತ್ತಾ ಹ್ಯಾಂಡಲ್ ಎಳೆದು, ಟಣ್ಣನೆ ನೆಗೆದು ಓಡಿಬಂದಳು. ಅಪ್ಪಿ ಮುದ್ದಾಡಿ, ಎತ್ತಿಕೊಂಡು ಪೊದೆಯ ಹಿಂದಕ್ಕೆ ಓಡಿದೆ. ಹಿಂದಿನಿಂದ ಇಡೀ ಗುಂಪಿನ ಚಪ್ಪಾಳೆ! ಅಜ್ಜಿಗಂತೂ ಆಟ ಬೇಗ ಮುಗಿಯಿತೆಂದು ಬೇಸರ.

ಬಸ್ಸು ಹೊರಟಿತು. ಲಾರೆನ್ಸ್ ಕೀಗೊಂದು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ನನ್ನ ಎರಡೂ ಕೈಗಳನ್ನು ಇವರು ಹಿಡಿದುಕೊಂಡಿದ್ದರು, ಪ್ರೀತಿಯಿಂದಲ್ಲ.

ನಾನು ಮಗಳ ಕಿವಿಯಲ್ಲಿ ಕೇಳಿದೆ: "ಈಗಾದ್ರೂ ಹೇಳು ಪುಟ್ಟಾ, ಈ ವಾರದ ಪಾಸ್‌ವರ್ಡ್ ಏನಾಗಿತ್ತು?"

ಅವಳು ಕಿಟಕಿಯಾಚೆಯ ಕುರಿಗಳಿಂದ ಕಣ್ಣು ಕೀಳದೆ ಹೇಳಿದಳು:

"ಐ ಆಲ್ಸೋ ಫರ್ಗಾಟ್, ಮಮ್ಮಿ. ಯೂ ವಿಲ್ ಸೇ ಇಟ್, ದೆನ್ ಐ ವಿಲ್ ರಿಮೆಂಬರ್ ಅಂತ ವೇಟ್ ಮಾಡ್ತಿದ್ದೆ!"