ಮೀನು ನಾಯಿಗೆ

ಸತ್ಯ ಹೇಳಿದರೆ ಜನ ನಂಬುತ್ತಾರೆ ಎಂದು ಬಿಜೂರಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತ ಬಂದವನು ನಾನು. ಈಗ ಆ ಪಾಠವನ್ನು ವಾಪಸು ತೆಗೆದುಕೊಳ್ಳುವ ಯೋಚನೆಯಲ್ಲಿದ್ದೇನೆ. ನಮ್ಮ ಕಡೆ ಯಾರೂ ನಂಬದ ಸತ್ಯವೊಂದಿದೆ. ಮೀನು ತಿನ್ನದ ಮನೆಯವನು ಮೀನು ಕೊಂಡು, "ಇದು ನಾಯಿಗೆ" ಎಂದರೆ ಮುಗಿಯಿತು. ಎದುರಿಗಿದ್ದವರು ವಾದಿಸುವುದಿಲ್ಲ, ಬೈಯುವುದೂ ಇಲ್ಲ, ಸುಮ್ಮನೆ ಒಂದು ನಗೆ ನಗುತ್ತಾರೆ. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದವನ ಗಾದೆಯನ್ನು ಎಷ್ಟೋ ಸಲ ತರಗತಿಯಲ್ಲಿ ವಿವರಿಸಿದ್ದೇನೆ. ಆದರೆ ಆ ಮಜ್ಜಿಗೆಯವನ ಮೇಲೆ ನನಗೆ ಕನಿಕರ ಹುಟ್ಟಿದ್ದು ಈಚೆಗೆ, ಸಾಧು ನಮ್ಮ ಮನೆಗೆ ಬಂದ ಮೇಲೆ.

ಸಾಧು ಎಂದರೆ ಸನ್ಯಾಸಿಯಲ್ಲ, ನಾಯಿಮರಿ. ಶಾಲೆಯ ಗೇಟಿನ ಹತ್ತಿರ ಮಳೆಯಲ್ಲಿ ನೆನೆಯುತ್ತಿದ್ದದ್ದನ್ನು ಮಗಳು ಕೊಡೆಯ ಜೊತೆಗೆ ಎತ್ತಿಕೊಂಡು ಬಂದಿದ್ದಳು. ಹಾಕಿದ ಮೊಸರನ್ನ ತಿಂದು ಮೂಲೆಯಲ್ಲಿ ತೆಪ್ಪಗೆ ಮಲಗುವುದನ್ನು ಕಂಡು ಹೆಂಡತಿ ಸಾವಿತ್ರಿ ಆ ಹೆಸರಿಟ್ಟಳು. ಹುಳದ ಔಷಧಿ, ಚುಚ್ಚುಮದ್ದು ಯಾವುದಕ್ಕೂ ನಾವು ಕಡಿಮೆ ಮಾಡಲಿಲ್ಲ. ಆದರೂ ಮರಿ ಮೈ ಹಿಡಿಯಲಿಲ್ಲ. ಬೆನ್ನಿನ ಕೂದಲು ಉದುರಿತು, ಪಕ್ಕೆಲುಬು ಎದ್ದು ಕಂಡಿತು. ಮೊಟ್ಟೆ ಹಾಕಿದರೆ ವಾಂತಿ. ಬೈಂದೂರಿನ ಪಶುವೈದ್ಯರು ಅದನ್ನು ತಿರುಗಿಸಿ ನೋಡಿ, "ಸಾಧು ನೀವು ಮಾಷ್ಟ್ರೆ, ಇದಲ್ಲ. ಮೀನು ಕೊಡಿ. ಉಪ್ಪು ಖಾರ ಹಾಕದೆ ಬೇಯಿಸಿ, ಒಂದು ಮುಳ್ಳೂ ಇಲ್ಲದ ಹಾಗೆ ತೆಗೆದು ಅನ್ನಕ್ಕೆ ಕಲಸಿ" ಎಂದರು. ಮರಿ ನನ್ನ ತೊಡೆಯ ಮೇಲೆ ನಡುಗುತ್ತಿತ್ತು. ಹಾಗೆಯೇ ಬಿಟ್ಟರೆ ಇದು ಉಳಿಯಲಿಕ್ಕಿಲ್ಲ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಮರುದಿನ ಹೆದ್ದಾರಿ ಬದಿಯಲ್ಲಿ ಮೀನು ಮಾರುವ ಗುಲಾಬಿಯ ಬುಟ್ಟಿಯ ಮುಂದೆ ನಿಂತೆ. ಹೆಲ್ಮೆಟ್ ತೆಗೆಯಲಿಲ್ಲ. ಆದರೂ ಅವಳಿಗೆ ಗುರುತು ಸಿಕ್ಕಿತು. ಅವಳ ಮಕ್ಕಳಿಬ್ಬರೂ ನನ್ನ ವಿದ್ಯಾರ್ಥಿಗಳೇ.

"ಎಂತ ಮಾಷ್ಟ್ರೆ, ದಾರಿ ತಪ್ತಾ?"

"ಮುಳ್ಳ್ ಕಮ್ಮಿ ಇಪ್ಪುದ್ ಯಾವ್ದ್ ಇತ್ತ್ ಗುಲಾಬಿ?" ಎಂದು ಮೆಲ್ಲಗೆ ಕೇಳಿದೆ.

"ಹಾಂಗಾರೆ ಕಾಣೆ ಕಾಣಿ."

ಕಾಣೆ ಎಂದರೆ ಕಣ್ಣಿಗೆ ಬೀಳದೆ ಹೋದದ್ದು ಎಂದು ಕನ್ನಡ ಕಲಿಸುವ ನಾನು ಒಂದು ಕ್ಷಣ ತಬ್ಬಿಬ್ಬಾದೆ. ಆಮೇಲೆ ನೋಡಿದರೆ ಬುಟ್ಟಿಯಲ್ಲಿ ಕಾಣೆ ಎಂಬ ಮೀನು ಸಾಲಾಗಿ ಮಲಗಿತ್ತು. ಎರಡು ಕೊಡು ಎಂದೆ. ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. "ನಾಯಿಗೆ" ಎಂದು ಸೇರಿಸಿದೆ.

ಗುಲಾಬಿ ಪಕ್ಕದ ಬುಟ್ಟಿಯವಳ ಕಡೆ ತಿರುಗಿದಳು. "ಹ್ವಾಯ್, ಕೇಂಡ್ಯಾ? ಮಾಷ್ಟ್ರ ನಾಯಿಗೆ ಕಾಣೆಯೇ ಬೇಕಂಬ್ರ್!" ಮತ್ತೆ ನನ್ನ ಕಡೆಗೆ, ತುಂಬ ಮರ್ಯಾದೆಯಿಂದ, "ನಾಯಿಗೆ ಬೈಗೆ ಸಾಕ್ ಮಾಷ್ಟ್ರೆ. ಕಾಣೆ ಎಲ್ಲ ಮನ್ಷ್ರ್ ತಿಂಬುದ್" ಎಂದು ಆ ನಗೆ ನಕ್ಕಳು. ಊರಿನವರು ಬೈಗೆ ಎಂಬ ಅಗ್ಗದ ಮೀನು ಹಾಕಿ ನಾಯಿ ಸಾಕುತ್ತಾರೆ, ಕಾಣೆಯನ್ನು ನೆಂಟರು ಬಂದಾಗ ಮಾತ್ರ ತರುತ್ತಾರೆ ಎಂಬುದು ಮೀನೇ ತಿನ್ನದ ನನಗೆ ಹೇಗೆ ಗೊತ್ತಾಗಬೇಕು?

ಮನೆಯಲ್ಲಿ ಸಾವಿತ್ರಿ, "ಮೀನ್ ಮನಿ ಒಳ್ಗೆ ಬಪ್ಪುಕಾಗ" ಎಂದು ಬಾಗಿಲಿಗೆ ಅಡ್ಡ ನಿಂತಳು. ಹಿತ್ತಲಲ್ಲಿ ಮೂರು ಕಲ್ಲಿಟ್ಟು, ತೆಂಗಿನ ಸಿಪ್ಪೆಗೆ ಬೆಂಕಿ ಹಚ್ಚಿ ನಾನೇ ಬೇಯಿಸಿದೆ. ಮುಳ್ಳು ತೆಗೆಯಲು ಕುಳಿತಾಗ ಸ್ವಲ್ಪ ಹೊತ್ತು ದೂರದಿಂದ ನೋಡಿದಳು. ಆಮೇಲೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಬಂದು ತಟ್ಟೆ ಎಳೆದುಕೊಂಡಳು. "ಕನ್ನಡಕ ಹಾಕ್ರೂ ನಿಮ್ಗ್ ಎಂತ ಕಾಂತಿಲ್ಲೆ. ಪಾಪದ್ದರ ಗಂಟ್ಲಿಗೆ ಸಿಕ್ಕಿರೆ?" ಎಂದು ಗೊಣಗುತ್ತ ಒಂದೊಂದೇ ಎಳೆಯನ್ನು ಬೆರಳಲ್ಲಿ ಹಿಸುಕಿ ನೋಡಿದಳು. ಅವತ್ತು ಅವಳ ಮೇಲೆ ಬಹಳ ಪ್ರೀತಿ ಬಂತು. ಹೇಳಿದರೆ ಬೈಯುತ್ತಾಳೆಂದು ಹೇಳಲಿಲ್ಲ. ಸಾಧು ತಟ್ಟೆಯನ್ನು ಅಂಗಳದ ತುಂಬ ತಳ್ಳಿಕೊಂಡು ಹೋಗಿ ನೆಕ್ಕಿತು.

ಮರಿ ಚೇತರಿಸಿಕೊಂಡಿತು, ಬೆನ್ನ ಮೇಲೆ ಹೊಸ ಕೂದಲು ಬಂತು. ಇತ್ತ ನನ್ನ ಹೆಸರು ಮಾತ್ರ ದಿನಕ್ಕಿಷ್ಟು ಉದುರತೊಡಗಿತು. ಮಸಾಲೆಗೆ ಹುಳಿ ಎಷ್ಟು ಹಾಕಬೇಕೆಂದು ನಾನು ಕೇಳದೆಯೇ ಗುಲಾಬಿ ಹೇಳಿಕೊಡುತ್ತಿದ್ದಳು. ಕೊನೆಗೆ ಸಾಕ್ಷಿ ಒದಗಿಸಲೇಬೇಕೆಂದು ಸಾಧುವಿನ ಕೊರಳಿಗೆ ಬೆಲ್ಟು ಹಾಕಿ ಬುಟ್ಟಿಯ ಮುಂದೆಯೇ ಕರೆದುಕೊಂಡು ಹೋದೆ. ಅವಳು ಹಸಿ ಮೀನೊಂದನ್ನು ಅದರ ಮೂಗಿಗೆ ಹಿಡಿದಳು. ಬೇಯಿಸಿ, ಬಿಡಿಸಿ, ಕಲಸಿ ಕೊಟ್ಟದ್ದನ್ನಷ್ಟೇ ಕಂಡಿದ್ದ ಸಾಧು ಆ ಕಣ್ಣು, ಬಾಲ ನೋಡಿ ಬೆಚ್ಚಿಬಿದ್ದು ನನ್ನ ಪಂಚೆಯ ಹಿಂದೆ ಅಡಗಿಕೊಂಡಿತು.

"ಪಾಪ, ಅದ್ ಹುಟ್ಟಿದ್ಮೇಲ್ ಮೀನೇ ಕಂಡಿಲ್ಲೆ!" ಎಂದಳು ಗುಲಾಬಿ. "ಮತ್ತೆ ಇಷ್ಟ್ ದಿನ ತಿಂದದ್ ಯಾರ್ ಮಾಷ್ಟ್ರೆ?"

ಅಲ್ಲಿಗೆ ನಾನು ಮಾನದ ಆಸೆ ಬಿಟ್ಟೆ. ಬಿಟ್ಟ ಮೇಲೆ ಹಾಯಾಗಿಯೇ ಇದ್ದೆ, ಹೆಲ್ಮೆಟ್ ತೆಗೆದೇ ಮೀನು ಕೊಳ್ಳುತ್ತಿದ್ದೆ. ಹೀಗಿರುವಾಗ ಒಂದು ಸಂಜೆ, ನಮ್ಮ ಹಾಗೆಯೇ ಮೀನು ತಿನ್ನದ ಮನೆಯ ಅನಂತಯ್ಯನವರು ನನ್ನನ್ನು ದಾರಿ ಬದಿಗೆ ಕರೆದರು. "ಮಾಷ್ಟ್ರೆ, ಒಂದ್ ಉಪ್ಕಾರ ಆಯ್ಕಿತ್ತ್. ನೀವ್ ಹೋಪತಿಗೆ ನಮ್ಗೂ ಎರಡ್ ಕಾಣೆ ತಪ್ಪುಕಾತ್ತಾ? ನಾಯಿಗೆ."

ನಾನು ನಕ್ಕೆ. ಗುಲಾಬಿ ನಕ್ಕ ನಗೆಯನ್ನೇ, ಒಂದಿಷ್ಟೂ ವ್ಯತ್ಯಾಸವಿಲ್ಲದೆ ನಕ್ಕೆ. "ನಾಯಿಗಲ್ದಾ? ಆಯ್ತ್, ಆಯ್ತ್" ಎಂದು ಕಣ್ಣನ್ನೂ ಮಿಟುಕಿಸಿದೆ.

ಮರುದಿನ ಮೀನಿನ ಪೊಟ್ಟಣ ಹಿಡಿದು ಅವರ ಗೇಟು ತೆರೆದಾಗ, ಬೆನ್ನಿನ ಕೂದಲೆಲ್ಲ ಉದುರಿದ ಬಡಕಲು ಮರಿಯೊಂದು ಬಾಗಿಲಲ್ಲಿ ನಿಂತು ಬೊಗಳಿತು. ಅದರ ಹಿಂದೆ ಅನಂತಯ್ಯನವರು. "ಅಲ್ಲ ಮಾಷ್ಟ್ರೆ, ನಿನ್ನೆ ನೀವ್ ನೆಗ್ಯಾಡಿದ್ದ್ ಎಂತಕೆ?"

"ನೀವೂ ನಾಯಿ ಸಾಕಿದ್ರಿ ಅಂತ ಕೇಂಡ್ ಖುಷಿ ಆಯ್ತ್" ಎಂದೆ.

ನಾನು ಹೇಳಿದ ನಿಜವನ್ನು ಇಷ್ಟು ದಿನ ಒಬ್ಬರೂ ನಂಬಿರಲಿಲ್ಲ. ಈ ಸುಳ್ಳನ್ನು ಅನಂತಯ್ಯನವರು ಒಂದೇ ಮಾತಿಗೆ ನಂಬಿ, ಒಳಗೆ ಕರೆದು ಕಾಫಿ ಕೊಟ್ಟರು.