ಒಡಪಿನ ಬೀಗ

ಮೊದಲು ಕಳ್ಳರು ಮನೆಯೊಳಗೆ ನುಗ್ಗುತ್ತಿದ್ದರು, ಈಗ ಮನುಷ್ಯನೊಳಗೇ ನುಗ್ಗುತ್ತಾರೆ ಎಂಬುದು ಡ್ರಿಲ್ ಮೇಷ್ಟ್ರು ಗುರುಮೂರ್ತಿಯವರ ಸಿದ್ಧಾಂತ. ನಿವೃತ್ತರಾಗಿ, ಸೀಟಿ ಊದಲು ಮಕ್ಕಳಿಲ್ಲದೆ, ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಮನೆಯಲ್ಲಿ ಸುಮ್ಮನೆ ಕೂತಿದ್ದ ಅವರಿಗೆ ಇದು ಹೊಳೆದದ್ದು ವಾಕಿಂಗ್ ಗೆಳೆಯ ಬಸವಪ್ರಭು ಮೋಸಹೋದ ಮೇಲೆ. ಅಳಿಯನ ದನಿಯಲ್ಲೇ ಯಾರೋ ಫೋನ್ ಮಾಡಿ, ಅತ್ತು, ಓಟಿಪಿ ಇಸಿದುಕೊಂಡು, ಬಸವಪ್ರಭುವಿನ ಖಾತೆಯನ್ನು ಗುಡಿಸಿ ಸಾರಿಸಿಬಿಟ್ಟಿದ್ದರು. ಅಂದಿನಿಂದ ಮೇಷ್ಟ್ರ ಸೀಟಿಗೆ ಓಡುವ ಪಾಳಿ ಹೆಂಡತಿ ಯಶೋದಾಳಿಗೆ ಬಂತು.

ಹೀಗೆ ಆ ಮನೆಯಲ್ಲಿ ಗುರುತುರಕ್ಷಣಾ ಮಹಾಯಜ್ಞ ಆರಂಭವಾಯಿತು. ಆಧಾರ್ ಕಾರ್ಡುಗಳು ಜೋಳದ ಡಬ್ಬಿ ಸೇರಿದವು. (ಒಮ್ಮೆ ಜೋಳದ ಜೊತೆ ಗಿರಣಿಗೂ ಹೋಗಿ, ಪುಣ್ಯಕ್ಕೆ ರೊಟ್ಟಿಯಾಗದೆ ವಾಪಸ್ಸು ಬಂದವು.) ಪಾರ್ಸಲ್ ಬಂದರೆ ಅದರ ಮೇಲಿನ ವಿಳಾಸದ ಚೀಟಿಯನ್ನು ಯಶೋದಾ ಬಕೆಟ್ಟಿನಲ್ಲಿ ನೆನೆಹಾಕಿ, ಉಜ್ಜಿ, ಮುದ್ದೆ ಮಾಡಿ ತೋರಿಸಬೇಕು. ಜೆರಾಕ್ಸ್ ಕೊಟ್ಟರೆ ಯಾವುದಕ್ಕೆ ಕೊಟ್ಟದ್ದೆಂದು ಅಡ್ಡಗೆರೆ ಎಳೆದು ಬರೆಯಬೇಕು. ಮೇಷ್ಟ್ರು ಹೇಳಿದ್ದೆಲ್ಲ ಸರಿಯೇ. ಹೇಳುವ ರೀತಿಗೆ ಮಾತ್ರ ಕೇಳುವವರ ಮೈ ಉರಿಯುತ್ತಿತ್ತು. ಇನ್ನು ಅವರ ಸ್ವಂತ ಫೋನಿನ ಬೀಗ ಯಾವುದೆಂದರೆ ಒಂದು-ಎರಡು-ಮೂರು-ನಾಲ್ಕು. ಜೀವಮಾನವೆಲ್ಲ ಏಕ್ ದೋ ತೀನ್ ಚಾರ್ ಎಂದು ಕೂಗಿದವರಿಗೆ ಬೇರೆ ಸಂಖ್ಯೆ ಬಾಯಿಗೆ ಬರಬೇಕಲ್ಲ.

"ಮೊದ್ಲು ಮೋಸ ಹೋಗೋಳು ನೀನೇ. ಯಾರು ಅಮ್ಮಾ ಅಂದ್ರೂ ಕರಗಿಬಿಡ್ತಿ," ಎಂದರು ಒಂದು ಬೆಳಿಗ್ಗೆ.

"ಇಷ್ಟು ವರ್ಷದಾಗ ನಾ ಮೋಸ ಹೋಗಿದ್ದು ಒಂದೇ ಸಲ," ಎಂದಳು ಯಶೋದಾ, ಮೆಂತ್ಯ ಸೊಪ್ಪು ಬಿಡಿಸುತ್ತ. (ಯಾವಾಗ ಎಂದು ಮೇಷ್ಟ್ರು ಕೇಳಲಿಲ್ಲ. ಕೇಳುವ ಅಭ್ಯಾಸ ಅವರಿಗಿರಲಿಲ್ಲ.)

"ಈಗ ದನಿನೂ ಕದೀತಾರೆ. ಅದಕ್ಕೆ ನಮ್ಮಿಬ್ರಿಗೇ ಗೊತ್ತಿರೋ ಒಂದು ಗುಟ್ಟಿನ ಮಾತು ಬೇಕು. ಫೋನ್ ಬಂದ ಕೂಡ್ಲೆ ಕೇಳ್ಬೇಕು. ನಾನೇ ಆಗಿರ್ಲಿ, ಹೇಳ್ದಿದ್ರೆ ಕಟ್ ಮಾಡ್ಬೇಕು. ಮೂರನೆಯವ್ರ ಕಿವಿಗೆ ಬಿತ್ತೋ, ಅವತ್ತೇ ಬದಲಿಸ್ಬೇಕು. ತಿಳೀತಾ?"

"ಬೆಣ್ಣೆದೋಸೆ ಅಂತ ಇಟ್ಕಳಾಣ."

"ದಾವಣಗೆರೆಯಾಗ ಬೆಣ್ಣೆದೋಸೆ ಗುಟ್ಟಾ? ತಲೆ ಐತಾ ನಿಂಗೆ?"

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. "ಹಂಗಾದ್ರೆ, ನಾ ಮದುವ್ಯಾಗಿ ಬಂದ ದಿನ ಹೊಸ್ತಿಲ ಮುಂದೆ ಹೇಳಿದ್ನಲ್ಲ ಒಡಪು, ಅದನ್ನ ಇಡ್ರಿ."

ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು. ಆದರೆ ಹೊಸ ಸೊಸೆ ಮನೆತುಂಬುವಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು ಹೆಸರು ಕೇಳದೆ ಬಿಡುವುದೂ ಇಲ್ಲ. ಆಗ ಹುಡುಗಿ ಎರಡು ಸಾಲು ಪದ ಕಟ್ಟಿ, ಅದರೊಳಗೆ ಹೆಸರು ಸೇರಿಸಿ, ತಲೆ ತಗ್ಗಿಸಿಕೊಂಡು ಹೇಳುತ್ತಾಳೆ. ಅದು ಒಡಪು. ಯಶೋದಾ ಸಾರಥಿ ಎಂಬ ಹಳ್ಳಿಯಿಂದ ಬಂದ ಹುಡುಗಿ. ತನ್ನ ಒಡಪನ್ನು ತಾನೇ ಕಟ್ಟಿದ್ದಳು.

"ನೆನಪೈತೇನ್ರಿ ನಿಮಗೆ?" ಎಂದು ಮೆಲ್ಲಗೆ ಕೇಳಿದಳು.

ಒಡಪೊಂದು ಇತ್ತೆಂಬುದಷ್ಟೇ ಮೇಷ್ಟ್ರಿಗೆ ನೆನಪಿದ್ದದ್ದು. ಆದರೆ ಸಾಲಿನಲ್ಲಿ ನಿಂತವರ ಮುಂದೆ ಡ್ರಿಲ್ ಮೇಷ್ಟ್ರು ಮರೆತೆ ಎನ್ನುವುದುಂಟೇ?

"ನೆನಪಿಲ್ದೆ ಏನು? ಈಗ ಬಾಯಿ ಬಿಟ್ಟು ಹೇಳ್ಬ್ಯಾಡ. ಗೋಡೆಗೂ ಕಿವಿ ಇರ್ತಾವೆ."

ಅವತ್ತು ಅವರ ರೊಟ್ಟಿಯ ಮೇಲೆ ಬೆಣ್ಣೆ ಎರಡು ಪಟ್ಟು ಬಿತ್ತು. ಯಾಕೆಂದು ಅವರು ಯೋಚಿಸದೆ ತಿಂದರು.

ಆಮೇಲೊಂದು ದಿನ ಮೇಷ್ಟ್ರು ಮಂಡಿನೋವಿನ ಅಕ್ಕ ಕೊಟ್ರವ್ವನನ್ನು ನೋಡಲು ಹರಿಹರಕ್ಕೆ ಹೊರಟರು. ಬಸ್ಸಿನಲ್ಲಿ ಪಕ್ಕದವನಿಗೆ ಗುರುತು ಕಾಪಾಡಿಕೊಳ್ಳುವ ಬಗೆಯನ್ನು ದಾರಿಯುದ್ದಕ್ಕೂ ಬೋಧಿಸಿದರು. ಅವನು ತುಂಬ ಹತ್ತಿರ ಸರಿದು, ಬಹಳ ಶ್ರದ್ಧೆಯಿಂದ ಕೇಳಿದ. ಹರಿಹರದಲ್ಲಿ ಇಳಿದು ಜೇಬು ಮುಟ್ಟಿಕೊಂಡರೆ ಫೋನಿಲ್ಲ. ಪಿಂಚಣಿ ಬರುವ ಖಾತೆಯ ಬೀಗದಕೈಯೂ ಅದರೊಳಗೇ ಇತ್ತು. ಬಸ್ ಸ್ಟ್ಯಾಂಡಿನ ಚಹದಂಗಡಿಯ ಮಕ್ತುಮ್ ಸಾಬ್ ಅವರ ಮುಖ ನೋಡಿ ತನ್ನ ಫೋನ್ ಕೊಟ್ಟ.

"ಯಶೋದಾ, ನಾನು. ನನ್ನ ಫೋನ್ ಕಳುವಾಗೈತೆ. ಪಾಸ್‌ಬುಕ್ ತಗಂಡು ಬ್ಯಾಂಕಿಗೆ ಓಡು, ಖಾತೆ ಬಂದ್ ಮಾಡ್ಸು."

"ಒಡಪು ಹೇಳ್ರಿ."

"ಏ, ನಾನೇ ಮಾತಾಡ್ತಿರೋದು."

"ಯಾರೇ ಆಗ್ಲಿ. ಒಡಪು."

ಮಕ್ತುಮ್ ಸಾಬ್ ಚಹ ಸೋಸುವುದು ಬಿಟ್ಟು ನೋಡತೊಡಗಿದ. ಮೇಷ್ಟ್ರು ಗೋಡೆಗೆ ಮುಖ ಮಾಡಿ, ದನಿ ತಗ್ಗಿಸಿ, ಒಂದು ಕಲ್ಲು ಎಸೆದು ನೋಡಿದರು. "ಬೆಳ್ಳಿ ಬಟ್ಟಲಾಗ ಬಾಳೆಹಣ್ಣು, ಗುರುಮೂರ್ತಿಯೋರು ನನ್ನ ಎರಡು ಕಣ್ಣು."

"ಅಲ್ಲ," ಎಂದಳು ಯಶೋದಾ.

"ಹಸಿರು ಹಸಿರು ವೀಳ್ಯದೆಲೆ, ಗುರುಮೂರ್ತಿಯೋರು ನನಗೆ... ನನಗೆ..."

"ಅಲ್ಲ ಬಿಡ್ರಿ."

"ದನಿ ಗುರುತು ಸಿಗಲ್ವಾ ನಿಂಗೆ? ಪಿಂಚಣಿ ಹೊಂಟೈತೆ, ಇಲ್ಲಿ ಒಡಪು ಅಂತೆ ಒಡಪು. ತಲ್ಯಾಗ ಏನೈತೆ, ಸಗಣಿನಾ?"

ಫೋನ್ ಕಟ್ಟಾಯಿತು. "ಹುಷಾರ್ ಅದಾರ್ರಿ ಮನೆಯೋರು," ಎಂದ ಮಕ್ತುಮ್ ಸಾಬ್, ಮೆಚ್ಚುಗೆಯಿಂದ.

ಮೇಷ್ಟ್ರು ಉಸಿರು ಬಿಗಿಹಿಡಿದು ಅಕ್ಕನ ಮನೆಗೆ ಓಡಿದರು. ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ ಕೊಟ್ರವ್ವ ಒಡಪಿನ ಪ್ರಶ್ನೆ ಕೇಳಿ ತಮ್ಮನ ಮುಖವನ್ನೇ ನೋಡಿದಳು.

"ಈಗ ಕೇಳ್ತೀಯೇನಪ್ಪಾ? ಅವತ್ತು ಬಾಗಿಲಿಗೆ ಅಡ್ಡ ನಿಂತಾಕಿ ನಾನೇ. ಎಷ್ಟು ಚೆಂದ ಹೇಳ್ತು ಹುಡುಗಿ. 'ಹುಟ್ಟಿದೂರು ಬಿಟ್ಟು ಬಂದೀನಿ, ಹೊಸ್ತಿಲ ಮುಂದೆ ನಿಂತೀನಿ, ಗುರುತಿಲ್ಲದ ಊರಾಗ ನನ್ನ ಗುರುತು ಹಿಡಿಯೋರು ಗುರುಮೂರ್ತಿಯೋರು' ಅಂತ. ನೀನೆಲ್ಲಿ ಅಂತ ನೋಡಿದ್ರೆ, ಹಿತ್ತಲ ಬಾಗಿಲಿಂದ ಒಳಗೆ ಹೋಗಿ ರೇಡಿಯೋ ಕಿವಿಗೆ ಹಚ್ಚಿದ್ದಿ. ಕ್ರಿಕೆಟ್ಟು. ಆಕಿ ನಿನ್ನ ದಾರಿ ನೋಡ್ಕಂತ ಹೊಸ್ತಿಲದಾಗೇ ನಿಂತಿದ್ಲು. ಕೊನಿಗೆ ನಾನೇ ಕೈ ಹಿಡಿದು ಒಳಗೆ ಕರ್ಕಂಡೆ."

ಮೇಷ್ಟ್ರಿಗೆ ನಾಚಿಕೆಯಾಯಿತು, ನಿಜಕ್ಕೂ ಆಯಿತು. ಆದರೆ ಅದು ಬಸ್ ಸ್ಟ್ಯಾಂಡಿನವರೆಗೆ ಮಾತ್ರ ಬಾಳಿತು. ಅಕ್ಕನ ಫೋನಿನಿಂದ ಮಾಡಿದರೆ ಯಶೋದಾ ಎತ್ತಿರಲಿಲ್ಲ. ಹೋದರೆ ಹೋಗಲಿ, ಒಡಪು ಕೈಗೆ ಸಿಕ್ಕಿದೆ, ಇನ್ನು ಆಕೆಯ ಬಾಯಿ ಮುಚ್ಚಿಸಬಹುದು ಎಂದು, ಪರೀಕ್ಷೆಗೆ ಹೊರಟ ಹುಡುಗನ ಹಾಗೆ ಅದನ್ನು ಮಣಮಣಿಸುತ್ತ ದಾವಣಗೆರೆಗೆ ಬಂದರು.

ಬಾಗಿಲು ಹಾಕಿತ್ತು. ಮೇಷ್ಟ್ರು ಹೊಸ್ತಿಲ ಮುಂದೆ ಸಾವಧಾನ್ ಭಂಗಿಯಲ್ಲಿ ನೆಟ್ಟಗೆ ನಿಂತು, ಆಟದ ಮೈದಾನದ ದನಿಯಲ್ಲಿ ಒಡಪು ಹೇಳಿದರು. ಎದುರುಮನೆಯ ಪುಷ್ಪಲತಾ ಕಾಂಪೌಂಡಿನ ಮೇಲೆ ಮುಖ ಇಟ್ಟರು. ಯಶೋದಾ ಬಾಗಿಲು ತೆರೆದು, ಅಡ್ಡ ನಿಂತಳು.

"ಹರಿಹರದ ಅಕ್ಕ ಹೇಳಿಕೊಟ್ರಾ?"

ಮೇಷ್ಟ್ರು ಮಾತು ತಿರುಗಿಸಿದರು. "ಖಾತೆ ಏನಾತು?"

"ಬಂದ್ ಮಾಡಿಸಿ ಬಂದೀನಿ. ಸಿಮ್ಮೂ ಬಂದ್. ನೀವು ಫೋನ್ ಮಾಡಿದಾಗ ಬ್ಯಾಂಕಿಗೆ ಹೊಂಟು ಚಪ್ಪಲಿ ಮೆಟ್ತಿದ್ದೆ. ನಿಮಗಿಂತ ಮೊದ್ಲು ನಿಮ್ಮ ಫೋನಿಂದ ಒಬ್ಬ ಮಾಡಿದ್ದ. ಶೀತ ಆಗಿ ದನಿ ಕೆಟ್ಟೈತೆ, ಆಧಾರ್ ನಂಬರ್ ಹೇಳು ಅಂದ. ಒಡಪು ಕೇಳಿದೆ. 'ಮರೆತೀನಿ ಯಶೋದಾ, ತಪ್ಪಾತು. ನೀನೇ ಒಂದ್ಸಲ ಹೇಳು, ಕೇಳ್ತೀನಿ' ಅಂದ. ಆಗ್ಲೇ ಗೊತ್ತಾತು ನೀವಲ್ಲ ಅಂತ."

"ಮತ್ತೆ ನಾ ಮಾಡಿದಾಗ?"

"ತಲ್ಯಾಗ ಸಗಣಿ ಅಂದ್ರಲ್ಲ, ಗುರುತು ಸಿಕ್ತು."

"ಸಿಕ್ಕಿದ್ರೂ ಯಾಕ ಕಟ್ ಮಾಡ್ದೆ?"

"ಮಾಡು ಅಂದೋರು ಯಾರು?"

ನಿಯಮ ತಮ್ಮದೇ. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಈಗ ಹೇಳಿದ್ನಲ್ಲ. ಸರಿ ಇತ್ತಲ್ಲ?"

"ಅದು ಹಳೇದು. ಈಗ ಬೀದಿಗೆಲ್ಲ ಕೇಳಿಸೀರಿ. ಮೂರನೆಯವ್ರ ಕಿವಿಗೆ ಬಿದ್ರೆ ಅವತ್ತೇ ಬದಲಿಸ್ಬೇಕು ಅಂದಿದ್ರಿ. ಬದಲಿಸೀನಿ."

"ಹೊಸ ಒಡಪು ಏನು?" ಈ ಸಲ ಅವರ ದನಿಯಲ್ಲಿ ಸೀಟಿ ಇರಲಿಲ್ಲ.

"ನಿಮಗ್ಯಾಕ? ಅದರಾಗ ನಿಮ್ಮ ಹೆಸರಿಲ್ಲ."

ಅಷ್ಟು ಹೇಳಿ ಯಶೋದಾ ಒಳಗೆ ಹೋದಳು. ಬಾಗಿಲು ತೆರೆದೇ ಇತ್ತು. ಮೇಷ್ಟ್ರು ಮಾತ್ರ ಹೊಸ್ತಿಲು ದಾಟಲಾರದೆ ನಿಂತರು. ಕೈ ಹಿಡಿದು ಒಳಗೆ ಕರೆದುಕೊಳ್ಳಲು ಅಕ್ಕ ಹರಿಹರದಲ್ಲಿದ್ದಳು.

"ಯಾಕ್ರಿ ಸರ್, ಹೊರಗೆ ನಿಂತೀರಿ?" ಎಂದರು ಪುಷ್ಪಲತಾ.

"ಮರೆತೀನಿ," ಎಂದರು ಮೇಷ್ಟ್ರು, ಮದುವೆಯಾದಂದಿನಿಂದ ಮೊದಲ ಸಲ. "ತಪ್ಪಾತು."

ಅದನ್ನು ಕೇಳಬೇಕಾದವಳು ಒಳಗೆ ಚಟ್ನಿಗೆ ಮಿಕ್ಸಿ ಹಾಕಿದ್ದಳು.